ಆರು ತೂತಿನ ಚೆಂಡು ಇರುವ ಅಣು ಮಾದರಿ ಕಿಟ್

ಆಯಿಗೆ ಹುಬ್ಬಳ್ಳಿಯಲ್ಲಿ ಹೃದಯದ ಸ್ಕ್ಯಾನ್ ಆಯಿತು. ಚುಚ್ಚಿದ್ದು ಟೆಕ್ನೀಷಿಯಂ-99ಎಂ ಸೆಸ್ಟಮಿಬಿ, ಅಂದರೆ ಟೆಕ್ನೀಷಿಯಂ ಎಂಬ ವಿಕಿರಣಶೀಲ ಲೋಹ ಇರುವ ಔಷಧ. ಶಿರಸಿಗೆ ಬಂದ ಮೇಲೆ, "ಆ ಔಷಧ ಹೇಗಿರ್ತದೋ ತಮಾ?" ಎಂದು ಕೇಳಿದಳು. ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವವನು. ತೋರಿಸಲೆಂದೇ ಈ ಕಿಟ್ ತರಿಸಿದೆ.

ಲೋಹಕ್ಕೆಂದು ಆರು ತೂತಿನ ಚೆಂಡು ಕೊಟ್ಟಿರುವುದೇ ಇದರ ದೊಡ್ಡ ಗುಣ. ನಡುವೆ ಟೆಕ್ನೀಷಿಯಂ, ಆರು ದಿಕ್ಕಿಗೆ ಆರು ಐಸೊನೈಟ್ರೈಲ್, ಅಂದರೆ ತುದಿಯಲ್ಲಿ ಕಾರ್ಬನ್-ನೈಟ್ರೋಜನ್ ಜೋಡಿ ಇರುವ ಅಣು. ಲೋಹವನ್ನು ಹಿಡಿಯುವುದು ಕಾರ್ಬನ್, ನೈಟ್ರೋಜನ್ ಅಲ್ಲ. ಕೈಯಲ್ಲಿ ಜೋಡಿಸಿದರೆ ಇದು ಮರೆಯುವುದಿಲ್ಲ.

ಇಂಥ ರಚನೆ ಕಂಡುಹಿಡಿಯುವುದು ಸುಲಭವಲ್ಲ, ಅದಕ್ಕೆ ಹರಳು ಬೇಕು. ಟೆಕ್ನೀಷಿಯಂ-99ಎಂ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಕ್ಷಯಿಸಲು ಬೇಕಾದ ಸಮಯ, 6 ಗಂಟೆ. ಇಂಜೆಕ್ಷನ್‌ನಲ್ಲಿ ಇರುವುದು ತೂಗಲೂ ಆಗದಷ್ಟು ಕಡಿಮೆ. ಅದರಿಂದ ಹರಳು ಬೆಳೆಯುವುದು ಎಲ್ಲಿಂದ? ಅದಕ್ಕೇ ಸುಮಾರು 2,11,000 ವರ್ಷ ಅರ್ಧಾಯುಷ್ಯದ ಟೆಕ್ನೀಷಿಯಂ-99 ಬಳಸಿ ಹರಳು ಮಾಡಿ, ಎಕ್ಸ್-ರೇ ಹಾಯಿಸಿ ನೋಡುತ್ತಾರೆ. ಎರಡರ ಕೆಮಿಸ್ಟ್ರಿ ಒಂದೇ ಅಲ್ವಾ?

ಬೇಸರದ ಮಾತೂ ಇದೆ. ಈ ಅಣುವಿಗೆ 36 ಕಾರ್ಬನ್ ಬೇಕು, ಡಬ್ಬಿಯಲ್ಲಿ ಇದ್ದದ್ದು 24. ಇನ್ನೊಂದು ಡಬ್ಬಿ ತರಿಸಬೇಕಾಯಿತು. ಕಾರ್ಬನ್-ನೈಟ್ರೋಜನ್ ನಡುವಿನ ತ್ರಿಬಂಧಕ್ಕೆ ಕೊಟ್ಟ ಬಾಗುವ ಕಡ್ಡಿಗಳಲ್ಲಿ ಎರಡು ಮುರಿದವು. ಕಡ್ಡಿ ಜಾಸ್ತಿ ಕೊಡಬೇಕಿತ್ತು. ಆದರೂ ಕೊಳ್ಳಿ. ನಮ್ಮ ಮನೆಯದು ಈಗ ಆಯಿಯ ಮಾತ್ರೆ ಡಬ್ಬಿಯ ಪಕ್ಕದಲ್ಲೇ ಇದೆ. ಬಂದವರಿಗೆಲ್ಲ ತೋರಿಸುತ್ತಾಳೆ.