ಡಿಟರ್ಜೆಂಟ್ ಶೀಟ್ ನಂಬಿ ಮಕ್ಕಳ ಬಿಳಿ ಯೂನಿಫಾರ್ಮ್ ಹಾಳು ಮಾಡಿಕೊಂಡೆ, ನೀವು ಹುಷಾರು

ಮನೆಮಂದಿಯ ಬಟ್ಟೆ ಒಗೆಯೋಕೆ ಡಿಟರ್ಜೆಂಟ್ ಶೀಟ್, ಅಂದರೆ ನೀರಿನಲ್ಲಿ ಕರಗುವ ಸೋಪಿನ ಹಾಳೆ, ತರಿಸೋಣ ಅಂತ ಯೋಚಿಸುತ್ತಿದ್ದೀರಾ? ನಿಮ್ಮ ಮನೆಗೆ ಬರುವುದು ಬೋರ್‌ವೆಲ್ ನೀರಾದರೆ ದಯವಿಟ್ಟು ಇದನ್ನು ಓದಿ, ಆಮೇಲೆ ತೀರ್ಮಾನ ಮಾಡಿ. ನಾನು ಜುಲೈಯಿಂದ ಅಕ್ಟೋಬರ್‌ವರೆಗೆ ಅದನ್ನೇ ಬಳಸಿದೆ. ಎಷ್ಟು ಹಾಳಾಗಿದೆ ಅಂತ ಪೂರ್ತಿ ಗೊತ್ತಾಗುವ ಹೊತ್ತಿಗೆ ಮೂರು ತಿಂಗಳು ಕಳೆದಿತ್ತು.

ನಮ್ಮ ಮನೆ ಹಾಸನದಲ್ಲಿ, ಸಾಲಗಾಮೆ ರಸ್ತೆ ಕಡೆ ಒಂದು ಬಡಾವಣೆ. ಅತ್ತೆ, ನಮ್ಮ ಮನೆಯವರು, ನಾನು, ಸ್ಕೂಲಿಗೆ ಹೋಗುವ ಎರಡು ಮಕ್ಕಳು. ವಾರಕ್ಕೆ ಐದು ಸಲ ಮಷಿನ್ ಓಡುತ್ತದೆ. ಮೇಲಿಂದ ಬಟ್ಟೆ ಹಾಕುವ ಮಷಿನ್, ನೀರು ಬಿಸಿ ಮಾಡುವ ಸೌಲಭ್ಯ ಇಲ್ಲ. ಹೇಮಾವತಿ ನೀರು ಕುಡಿಯೋಕೆ, ಅಡುಗೆಗೆ ಸಾಕಾಗುತ್ತದೆ ಅಷ್ಟೆ. ಉಳಿದದ್ದಕ್ಕೆಲ್ಲ ಬೋರ್ ನೀರೇ.

ಸೋಪಿನ ಪುಡಿ ಮಳೆಗಾಲದಲ್ಲಿ ಗಟ್ಟಿಯಾಗುತ್ತದೆ. ಮಕ್ಕಳು ಚೆಲ್ಲುತ್ತಾರೆ. ಜೊತೆಗೆ ಖಾಲಿ ಕವರುಗಳ ರಾಶಿ. ಅದಕ್ಕೇ ಫೋನಿನಲ್ಲಿ ಆ ಜಾಹೀರಾತು ನೋಡಿದಾಗ ಮನಸ್ಸು ಹೋಯಿತು. ಕಾಗದದ ಹಾಗೆ ತೆಳ್ಳಗಿನ ಹಾಳೆ, ಒಂದು ಲೋಡಿಗೆ ಒಂದು ಹಾಕಿದರೆ ಸಾಕು, ತಣ್ಣೀರಲ್ಲೂ ಕರಗುತ್ತದೆ, ಪ್ಲಾಸ್ಟಿಕ್ ಇಲ್ಲವೇ ಇಲ್ಲ ಅಂತೆಲ್ಲ ಬರೆದಿತ್ತು. 60 ಹಾಳೆಯ ಡಬ್ಬಿಗೆ 599 ರೂಪಾಯಿ. ಒಟ್ಟಿಗೇ ಕೆಲವು ಡಬ್ಬಿ ತರಿಸಿದೆ.

ಮೊದಲ ಕೆಲವು ವಾರ ನನಗೆ ತುಂಬಾ ಖುಷಿಯಾಗಿತ್ತು. ಬಟ್ಟೆ ಘಮ್ ಅನ್ನುತ್ತಿತ್ತು. ನಾನು ಮೋಸ ಹೋಗಿದ್ದೇ ಅಲ್ಲಿ. ವಾಸನೆ ಚೆನ್ನಾಗಿದ್ದರೆ ಬಟ್ಟೆ ಚೊಕ್ಕ ಆಗಿದೆ ಅಂತ ನಮ್ಮ ಮೂಗು ಹೇಳಿಬಿಡುತ್ತದೆ, ಕಣ್ಣು ಸರಿಯಾಗಿ ನೋಡುವುದೇ ಇಲ್ಲ. ಮೊದಲು ಕಂಡುಹಿಡಿದಿದ್ದು ನಮ್ಮ ಅತ್ತೆ. ಆಗಸ್ಟ್‌ನಲ್ಲಿ ಒಂದು ದಿನ ಮಗನ ಶನಿವಾರದ ಬಿಳಿ ಅಂಗಿ ಮಡಚುತ್ತಾ, "ಏನ್ ಕಣಮ್ಮ, ಇದನ್ನ ಒಗೆದಿದೀಯೋ ಇಲ್ಲ ಬರೀ ಸೆಂಟ್ ಹಾಕಿದೀಯೋ?" ಅಂದರು. ನನಗೆ ಸಿಟ್ಟೇ ಬಂತು. ಆಮೇಲೆ ಆ ಅಂಗಿಯನ್ನು ಬೀರುವಿನಲ್ಲಿದ್ದ ಹೊಸ ಅಂಗಿಯ ಪಕ್ಕ ಇಟ್ಟು ನೋಡಿದೆ. ಹೊಸದು ಹಾಲಿನ ಬಣ್ಣ, ಇದು ಬೂದಿ ಕಲೆಸಿದ ನೀರಿನ ಬಣ್ಣ. ಕಾಲರ್ ಒಳಗೆ ಕೊಳೆ ಗೆರೆ ಗೆರೆಯಾಗಿ ಹಾಗೇ ಕೂತಿತ್ತು.

ಕಂಪನಿಯ ನಂಬರಿಗೆ ಫೋಟೋ ಕಳಿಸಿದೆ. ಎರಡು ಹಾಳೆ ಹಾಕಿ ಅಂದರು. ಹಾಕಿದೆ. ಆಗ ಇನ್ನೊಂದು ತೊಂದರೆ ಶುರುವಾಯಿತು. ಹಾಳೆ ಪೂರ್ತಿ ಕರಗದೆ ಕಪ್ಪು ಪ್ಯಾಂಟಿನ ಜೇಬಿನಲ್ಲಿ, ಅಂಗಿಯ ತೋಳಿನಲ್ಲಿ ಲೋಳೆ ಲೋಳೆಯಾಗಿ ಅಂಟಿಕೊಳ್ಳತೊಡಗಿತು. ಒಣಗಿದ ಮೇಲೆ ಬಿಳಿ ಪೊರೆ. ಮಷಿನ್ನಿನ ಫಿಲ್ಟರ್ ಬಿಚ್ಚಿದರೆ ಅಲ್ಲೂ ಅದೇ ಲೋಳೆ, ಜೊತೆಗೆ ಮುಗ್ಗಲು ವಾಸನೆ. ಮತ್ತೆ ಕೇಳಿದರೆ ಬಿಸಿನೀರು ಬಳಸಿ ಅಂದರು. ತಣ್ಣೀರಲ್ಲಿ ಕರಗುತ್ತದೆ ಅಂತ ಡಬ್ಬಿಯ ಮೇಲೇ ಇದೆಯಲ್ಲ ಅಂದೆ. ನಿಮ್ಮ ನೀರಿನ ಸಮಸ್ಯೆ ಅಂದರು. ಡಬ್ಬಿ ತೆರೆದಿದ್ದಕ್ಕೆ ದುಡ್ಡು ವಾಪಸ್ ಇಲ್ಲ, ತೆರೆಯದ ಡಬ್ಬಿಗೆ ವಾಪಸ್ ಮಾಡುವ ಅವಧಿ ಮುಗಿದಿದೆ ಅಂದರು. ಅಲ್ಲಿಗೆ ಮಾತು ನಿಂತಿತು.

ನೀರಿನ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದನ್ನು ಮಾರುವ ಮೊದಲು ಹೇಳಬೇಕಿತ್ತು, ಅಲ್ವಾ? ನನ್ನ ತವರು ಸಕಲೇಶಪುರದ ಕಡೆ, ಕಾಫಿ ತೋಟ. ಜುಲೈಯಲ್ಲಿ ಒಂದು ವಾರ ಹೋಗಿದ್ದಾಗ ಹಾಳೆ ಜೊತೆಗೇ ಒಯ್ದಿದ್ದೆ. ಅಲ್ಲಿ ಗುಡ್ಡದಿಂದ ಪೈಪಿನಲ್ಲಿ ಬರುವ ಒರತೆ ನೀರು, ಮೆದು ನೀರು. ಅದೇ ಹಾಳೆ ಬಕೆಟ್‌ನಲ್ಲಿ ಚೆನ್ನಾಗಿ ನೊರೆ ಕೊಟ್ಟಿತ್ತು. ಮನೆಯಲ್ಲಿ ಉಡುವ ನೈಟಿ, ಮಕ್ಕಳ ಬನಿಯನ್ ಸರಿಯಾಗೇ ಒಗೆದವು. ಅಣ್ಣನ ತೋಟದ ಪ್ಯಾಂಟಿನ ಕೆಂಪು ಕೆಸರು ಮಾತ್ರ ಅಲ್ಲೂ ಹೋಗಲಿಲ್ಲ. ಅತ್ತಿಗೆ ಅದನ್ನು ಮತ್ತೆ ಕಲ್ಲಿನ ಮೇಲೆ ಹಾಕಿ ಬಾರ್ ಸೋಪ್ ತಿಕ್ಕಿ ಒಗೆದರು. ಆಗಲೇ ನನಗೆ ಹೊಳೆಯಬೇಕಿತ್ತು.

ಇನ್ನೊಂದು ವಿಷಯ. ಮಲೆನಾಡಿನ ಆ ಮಳೆಯಲ್ಲಿ ಬಚ್ಚಲ ಗೂಡಿನಲ್ಲಿ ಇಟ್ಟ ಹಾಳೆಗಳು ಮೂರೇ ದಿನಕ್ಕೆ ಒಂದಕ್ಕೊಂದು ಅಂಟಿ ಮುದ್ದೆಯಾದವು. ಡಬ್ಬಿ ಬರೀ ರಟ್ಟಿನದು. ಹಾಳೆ ಗಾಳಿಯ ತೇವವನ್ನು ಹೀರುತ್ತದೆ. ಒದ್ದೆ ಕೈಯಲ್ಲಿ ಮುಟ್ಟಿದರೂ ಸಾಕು.

ಕೊನೆಗೆ ಮನೆಯಲ್ಲೇ ಪರೀಕ್ಷೆ ಮಾಡಿದೆ. ಮಾವನವರ ಹಳೇ ಬಿಳಿ ಪಂಚೆಯನ್ನು ಒಂಬತ್ತು ತುಂಡು ಮಾಡಿದೆ. ಮೂರಕ್ಕೆ ಕಾಫಿ ಡಿಕಾಕ್ಷನ್, ಮೂರಕ್ಕೆ ಸಾರು, ಮೂರಕ್ಕೆ ಕೆಮ್ಮಣ್ಣು. ಒಂದು ರಾತ್ರಿ ಒಣಗಲು ಬಿಟ್ಟೆ. ಬೆಳಗ್ಗೆ ಮೂರು ಸಲ ಮಷಿನ್ ಓಡಿಸಿದೆ. ಒಮ್ಮೆ ಏನೂ ಹಾಕದೆ ಬರೀ ನೀರು. ಒಮ್ಮೆ ಒಂದು ಹಾಳೆ. ಒಮ್ಮೆ 60 ಗ್ರಾಂ ಪುಡಿ. ನೆರಳಲ್ಲಿ ಒಣಗಿಸಿ, ಯಾವುದು ಯಾವುದು ಅಂತ ಹೇಳದೆ ಅತ್ತೆಯ ಮುಂದೆ ಹರಡಿದೆ. ಪುಡಿಯಲ್ಲಿ ಒಗೆದ ಮೂರು ತುಂಡನ್ನು ಅವರು ತಕ್ಷಣ ಎತ್ತಿ ಪಕ್ಕಕ್ಕಿಟ್ಟರು. ಉಳಿದ ಆರರಲ್ಲಿ ಕೆಮ್ಮಣ್ಣಿನ ತುಂಡು ಬಿಟ್ಟರೆ ಮಿಕ್ಕಿದ್ದರಲ್ಲಿ ವ್ಯತ್ಯಾಸ ಹೇಳೋಕೆ ಆಗಲಿಲ್ಲ. ಸಾರಿನ ಅರಿಶಿನ ಪುಡಿಯಲ್ಲೂ ಪೂರ್ತಿ ಹೋಗಿರಲಿಲ್ಲ, ನಿಜ. ಆದರೆ 10 ರೂಪಾಯಿಯ ಹಾಳೆಗೂ ಬರೀ ಬೋರ್ ನೀರಿಗೂ ಕಾಫಿ ಕಲೆಯ ಮೇಲೆ ವ್ಯತ್ಯಾಸವೇ ಕಾಣಲಿಲ್ಲ ಅನ್ನೋದು ನನಗೆ ತಡೆಯಲಾಗದ ಸಂಕಟ ಕೊಟ್ಟಿತು. ಮೂರು ತಿಂಗಳು ನಾನು ಮಕ್ಕಳ ಬಟ್ಟೆಗೆ ಮಾಡಿದ್ದು ಇದನ್ನೇ.

ಲೆಕ್ಕ ಹಾಕಿದರೆ ಕಾರಣ ಕಾಣುತ್ತದೆ. ಡಬ್ಬಿಯ ನಿವ್ವಳ ತೂಕ 180 ಗ್ರಾಂ, ಅಂದರೆ ಹಾಳೆ ಒಂದಕ್ಕೆ 3 ಗ್ರಾಂ. ನಾನು ಹಾಕುವ ಪುಡಿ 60 ಗ್ರಾಂ. ಪುಡಿಯಲ್ಲಿ ಇರುವುದೆಲ್ಲ ಸೋಪಲ್ಲ, ಸೋಡಾದಂಥ ಬೇರೆ ಸಾಮಾನು ಬಹಳ ಇರುತ್ತದೆ. ಆದರೆ ಅದರಲ್ಲಿ ಸೋಡಾದಂಥದ್ದು ಗಡಸು ನೀರಿಗೆ ಬೇಕೇ ಬೇಕು. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಶಕ್ತಿಯನ್ನು ಕುಂದಿಸುತ್ತವೆ. ಸೋಡಾ ಅವನ್ನು ಹಿಡಿದಿಟ್ಟು ಸೋಪನ್ನು ಕೊಳೆಯ ಕೆಲಸಕ್ಕೆ ಬಿಡುತ್ತದೆ. ತೆಳ್ಳಗಿನ ಹಾಳೆಯಲ್ಲಿ ಅದಕ್ಕೆಲ್ಲ ಜಾಗ ಎಲ್ಲಿ? ಇರುವ 3 ಗ್ರಾಂನಲ್ಲೂ ಒಂದು ಪಾಲು ಹಾಳೆಯನ್ನು ಹಿಡಿದಿಡುವ ಪಾಲಿವಿನೈಲ್ ಆಲ್ಕೋಹಾಲ್. ಹೀಗಾಗಿ ಬಿಟ್ಟ ಅಷ್ಟಿಷ್ಟು ಕೊಳೆಯೂ ನೀರಿನಲ್ಲಿ ನಿಲ್ಲದೆ ತಿರುಗಿ ಬಟ್ಟೆಗೇ ಕೂರುತ್ತದೆ. ಬಿಳಿ ಬಟ್ಟೆ ಬೂದು ಬಣ್ಣಕ್ಕೆ ತಿರುಗುವುದು ಹೀಗೆ. ನಮ್ಮ ಬೋರ್ ನೀರು ಪರೀಕ್ಷೆ ಮಾಡಿಸಿದೆವು, ಗಡಸುತನ ಲೀಟರಿಗೆ 480 ಮಿಲಿಗ್ರಾಂ ಬಂತು. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವುದು 200, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ.

ಪರೀಕ್ಷೆ ಮಾಡಿಸೋಕೆ ಆಗದವರು ಒಂದು ಬಾಟಲಿಯಲ್ಲಿ ಅರ್ಧ ನೀರು ತುಂಬಿ, ಸ್ನಾನದ ಸೋಪಿನ ಒಂದು ಚೂರು ಹಾಕಿ ಜೋರಾಗಿ ಕುಲುಕಿ. ನೊರೆ ನಿಲ್ಲದೆ, ಮೊಸರು ಒಡೆದ ಹಾಗೆ ಬಿಳಿ ಬಿಳಿ ತೇಲಿದರೆ ನಿಮ್ಮದೂ ಗಡಸು ನೀರೇ.

ಪಾಲಿವಿನೈಲ್ ಆಲ್ಕೋಹಾಲ್ ಅಂದೆನಲ್ಲ, ಅದೂ ಪೆಟ್ರೋಲಿಯಂ ಮೂಲದ ಪ್ಲಾಸ್ಟಿಕ್ಕೇ. ನೀರಿನಲ್ಲಿ ಕರಗುವ ಪ್ಲಾಸ್ಟಿಕ್. ಕರಗಿ ಕಣ್ಣಿಗೆ ಕಾಣದಂತಾಗುವುದು ಬೇರೆ, ಕೊಳೆತು ಮಣ್ಣಾಗುವುದು ಬೇರೆ. ಅದನ್ನು ಪೂರ್ತಿ ತಿಂದು ಮುಗಿಸೋಕೆ ಕೆಲವು ಬಗೆಯ ಸೂಕ್ಷ್ಮಜೀವಿಗಳು ಬೇಕು, ಅವು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ನಮ್ಮ ಬಡಾವಣೆಗೆ ಒಳಚರಂಡಿ ಇನ್ನೂ ಬಂದಿಲ್ಲ. ಮಷಿನ್ ನೀರು ನೇರ ಹಿತ್ತಲ ಬಾಳೆ ಬುಡಕ್ಕೆ ಹೋಗುತ್ತದೆ. ಪ್ಲಾಸ್ಟಿಕ್ ಇಲ್ಲ ಅಂತ ನಂಬಿ ನಾನು ಅಲ್ಲಿಗೇ ಬಿಡುತ್ತಿದ್ದೆ. ಈ ಮಾತನ್ನು ನಾನು ಮರೆಯೋಕೆ ಆಗುತ್ತಿಲ್ಲ.

ವರ್ಷಕ್ಕೊಮ್ಮೆ ಹಾಸನಾಂಬೆ ಗುಡಿಯ ಬಾಗಿಲು ತೆಗೆದಾಗ ನಮ್ಮ ಊರಿನ ಮನೆಗಳು ಹೇಗಿರುತ್ತವೆ ಅಂತ ಇಲ್ಲಿಯವರಿಗೆ ಗೊತ್ತು. ದರ್ಶನಕ್ಕೆ ಬಂದ ನೆಂಟರು ಹನ್ನೊಂದು ಜನ. ಚಿಕ್ಕಮ್ಮ ತಲೆಗೆ ಸ್ನಾನ ಮಾಡಿ ಬಂದು, ನಾನು ಕೊಟ್ಟ ಟವೆಲ್ ಹಿಡಿದು, "ಮಗಾ, ಇದು ನೀರೇ ಹೀರ್ತಿಲ್ವಲ್ಲ" ಅಂದರು. ಟವೆಲ್ ರಟ್ಟಿನ ಹಾಗೆ ಬಿರುಸಾಗಿತ್ತು. ಒದ್ದೆಯಾದ ಕೂಡಲೇ ಹಳೇ ಬೆವರಿನ ವಾಸನೆ ಎದ್ದಿತು. ನೆಂಟರ ಮುಂದೆ ನನ್ನ ಮುಖ ಸಣ್ಣದಾಯಿತು. ಅದೇ ಸಂಜೆ ಅವರ ಮೂರು ವರ್ಷದ ಮೊಮ್ಮಗ ಹಾಳೆಯೊಂದನ್ನು ಕಾಗದ ಅಂದುಕೊಂಡು ಬಾಯಿಗೆ ಇಡುತ್ತಿದ್ದ. ಅತ್ತೆ ನೋಡಿ ಕಿತ್ತುಕೊಂಡರು. ಅದು ನೀರು ಬೆರೆಸದ ಗಟ್ಟಿ ಸೋಪು, ಬಾಯಿಗೆ ಕಣ್ಣಿಗೆ ಹೋದರೆ ಉರಿಯುತ್ತದೆ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಅದು ಕೈಗೆ ಸಿಗುವ ಕಡೆ ಇರಲೇಬಾರದು. ಮಾರನೇ ದಿನವೇ ಕಟ್ಟಿನಕೆರೆ ಮಾರ್ಕೆಟ್ಟಿಗೆ ಹೋಗಿ ಪುಡಿ ತಂದೆ. ಕೆಜಿಗೆ 140 ರೂಪಾಯಿ, ಒಂದು ಲೋಡಿಗೆ ಎಂಟೂವರೆ ರೂಪಾಯಿ ಹತ್ತಿರ. ಎರಡೆರಡು ಹಾಳೆ ಹಾಕುವಾಗ ನನಗೆ 20 ಬೀಳುತ್ತಿತ್ತು.

ಈಗಾಗಲೇ ಬಳಸಿ ಕೈ ಸುಟ್ಟುಕೊಂಡವರು ಹೀಗೆ ಮಾಡಿ. ಅಂಟಿದ ಲೋಳೆಗೆ ಬಿಸಿನೀರೇ ಮದ್ದು, ತಣ್ಣೀರಲ್ಲಿ ಎಷ್ಟು ತಿಕ್ಕಿದರೂ ಜಾರುತ್ತದೆ ಅಷ್ಟೆ. ಮಷಿನ್ನಿಗೂ ಖಾಲಿ ಇದ್ದಾಗ ಎರಡು ಬಕೆಟ್ ಬಿಸಿನೀರು ಸುರಿದು ಓಡಿಸಿದೆ, ಫಿಲ್ಟರ್ ಹಳೇ ಬ್ರಷ್‌ನಿಂದ ತೊಳೆದೆ. ಬೂದು ಬಣ್ಣಕ್ಕೆ ತಿರುಗಿದ ಹತ್ತಿ ಬಟ್ಟೆಯನ್ನು ಬಿಸಿನೀರಿಗೆ ವಾಷಿಂಗ್ ಸೋಡಾ ಮತ್ತು ಪುಡಿ ಹಾಕಿ ಎರಡು ಗಂಟೆ ನೆನೆಸಿ, ಆಮೇಲೆ ಒಗೆದು ಎರಡು ಸಲ ಜಾಲಿಸಿ. ಕೈಗೆ ಗ್ಲೌಸ್ ಇರಲಿ. ರೇಷ್ಮೆ, ಉಲ್ಲನ್ನಿಗೆ ಸೋಡಾ ಮುಟ್ಟಿಸಬೇಡಿ.

ಟವೆಲ್‌ಗಳು ಮೂರು ಸಲಕ್ಕೆ ಸರಿಹೋದವು. ಯೂನಿಫಾರ್ಮ್ ನಾಲ್ಕು ಅಂಗಿಯಲ್ಲಿ ಎರಡು ಬಂದವು, ಎರಡು ಬರಲಿಲ್ಲ. ಅವು ಈಗ ಅಡುಗೆಮನೆ ಒರೆಸುವ ಬಟ್ಟೆ. ತೆರೆಯದ ಡಬ್ಬಿ ಬೀರುವಿನ ಮೇಲೆ ಹಾಗೇ ಇದೆ. ಅರಸೀಕೆರೆಯಲ್ಲಿರುವ ನಾದಿನಿ, "ಸುಮ್ನೆ ಇಟ್ಟಿದೀರಲ್ಲ ಅತ್ತಿಗೆ, ನಂಗೆ ಕೊಡಿ" ಅಂತ ಕೇಳಿದಳು. ಅವರ ಮನೆಗೆ ಬರೋದೂ ಬೋರ್ ನೀರೇ. ಕೊಡಲಿಲ್ಲ.