ಪ್ಯಾಕೆಟ್ ದೋಸೆ ಹಿಟ್ಟು: ಒಂದು ಕೆಜಿಗೆ ಎಷ್ಟು ಬೆಳಗ್ಗೆ?

ಬೆಂಗಳೂರಿನ ಯಾವ ಬಡಾವಣೆಯ ಅಂಗಡಿಯ ಫ್ರಿಜ್ ತೆಗೆದರೂ ಹಾಲು ಮೊಸರಿನ ಪಕ್ಕದಲ್ಲಿ ಇಡ್ಲಿ-ದೋಸೆ ಹಿಟ್ಟಿನ ಪ್ಯಾಕೆಟ್ ಇರುತ್ತದೆ. 2005ರಲ್ಲಿ ಇದೇ ಊರಿನಲ್ಲಿ ಶುರುವಾದ ಐಡಿ ಎಂಬ ಹಿಟ್ಟಿನ ಬ್ರಾಂಡ್ ಈಗ ದೊಡ್ಡ ಹೆಸರು. ಅದರ ಜೊತೆಗೆ ಪ್ರತಿ ಏರಿಯಾದಲ್ಲೂ ಗ್ರೈಂಡರ್ ಇಟ್ಟುಕೊಂಡು ರುಬ್ಬಿ, ಕವರಿಗೆ ತುಂಬಿ ಮಾರುವವರಿದ್ದಾರೆ. ಇಲ್ಲಿ ನೋಡುತ್ತಿರುವುದು ಒಂದು ಬ್ರಾಂಡನ್ನಲ್ಲ, ಆ ಸರಕನ್ನೇ. ಶಾಲೆಯ ಬಸ್ಸು ಏಳೂವರೆಗೆ ಬರುವ ಮನೆಯಲ್ಲಿ ಇದು ಎಷ್ಟು ಕೆಲಸಕ್ಕೆ ಬರುತ್ತದೆ, ಎಲ್ಲಿ ಕೈಕೊಡುತ್ತದೆ?

ಮೊದಲು ಅಂಕ ಹೇಳಿಬಿಡೋಣ. ದೋಸೆಗೆ ಹತ್ತಕ್ಕೆ ಎಂಟು. ಇಡ್ಲಿಗೆ ಆರು, ಅದೂ ಹಿಟ್ಟು ತಾಜಾ ಇದ್ದರೆ. ಈ ವ್ಯತ್ಯಾಸಕ್ಕೆ ಕಾರಣ ಪ್ಯಾಕೆಟ್ಟಿನ ಹೆಸರಿನಲ್ಲೇ ಇದೆ: ‘ಇಡ್ಲಿ ಮತ್ತು ದೋಸೆ ಹಿಟ್ಟು’. ನಮ್ಮ ಕಡೆಯ ಮನೆಗಳಲ್ಲಿ ಸಾಮಾನ್ಯವಾಗಿ ಎರಡಕ್ಕೂ ಒಂದೇ ಹಿಟ್ಟು ರುಬ್ಬುವುದಿಲ್ಲ. ನಮ್ಮ ಕಡೆಯ ಇಡ್ಲಿಗೆ ಒಂದು ಲೋಟ ಉದ್ದಿಗೆ ಎರಡು ಲೋಟ ಇಡ್ಲಿ ರವೆ, ಕೈಗೆ ತರಿ ಸಿಗಬೇಕು. ದೋಸೆಗೆ ಒಂದಕ್ಕೆ ಮೂರು ಅಕ್ಕಿ, ಒಂದು ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ, ಬಣ್ಣಕ್ಕೆ ಸ್ವಲ್ಪ ಕಡಲೆಬೇಳೆ, ಎಲ್ಲ ನುಣ್ಣಗೆ. ಪ್ಯಾಕೆಟ್ಟಿನವರು ಎರಡರ ನಡುವೆ ಒಂದು ಹದ ಹಿಡಿಯುತ್ತಾರೆ, ಅದು ನುಣ್ಣನೆಯ ಕಡೆಗೇ ಹೆಚ್ಚು ವಾಲಿರುತ್ತದೆ. ಆದ್ದರಿಂದ ಇಡ್ಲಿ ಮೆತ್ತಗಿದ್ದರೂ ಸ್ವಲ್ಪ ಅಂಟು, ದೋಸೆ ಚೆನ್ನಾಗಿ ಎದ್ದು ಬಂದರೂ ಸ್ವಲ್ಪ ಬಿಳುಪು. ಬಿಳುಪಿಗೆ ಮದ್ದು ಸುಲಭ: ಒಂದು ಬಟ್ಟಲು ಹಿಟ್ಟಿಗೆ ಒಂದು ಚಹಾ ಚಮಚ ಕಡಲೆಹಿಟ್ಟು, ಎರಡು ಚಿಟಿಕೆ ಸಕ್ಕರೆ. ಅಂಟಿಗೆ ಅಷ್ಟು ಸುಲಭದ ಮದ್ದಿಲ್ಲ. ರಾತ್ರಿಯೇ ತೊಳೆದು ಹಿಂಡಿದ ಎರಡು ದೊಡ್ಡ ಚಮಚ ಇಡ್ಲಿ ರವೆ ಬೆರೆಸಿಟ್ಟರೆ ಅರ್ಧ ಸರಿಹೋಗುತ್ತದೆ.

ಕೊಳ್ಳುವಾಗ ಬ್ರಾಂಡ್ ನೋಡುವುದಕ್ಕಿಂತ ಅಂಗಡಿ ನೋಡುವುದು ಮುಖ್ಯ. ಈ ಹಿಟ್ಟು ಸತ್ತ ಪದಾರ್ಥವಲ್ಲ. ಕವರಿನೊಳಗೂ ಹುದುಗುತ್ತಲೇ ಇರುತ್ತದೆ, ಫ್ರಿಜ್ ಅದನ್ನು ನಿಧಾನ ಮಾಡುತ್ತದೆ ಅಷ್ಟೆ. ರಾತ್ರಿ ಬಾಗಿಲು ಹಾಕುವಾಗ ಕರೆಂಟ್ ಬಿಲ್ಲಿಗೆ ಹೆದರಿ ಫ್ರಿಜ್ ಆರಿಸಿ ಹೋಗುವ ಅಂಗಡಿಯಲ್ಲಿ ನಿನ್ನೆಯ ಪ್ಯಾಕೆಟ್ಟೂ ನಾಲ್ಕು ದಿನದ್ದರಂತೆ ಹುಳಿ ಬಂದಿರುತ್ತದೆ. ಪತ್ತೆ ಹಚ್ಚುವುದು ಹೀಗೆ: ತಯಾರಿಕೆಯ ದಿನ ಇಂದಿನದೋ ನಿನ್ನೆಯದೋ ಆಗಿದ್ದು, ಪ್ಯಾಕೆಟ್ ಮಾತ್ರ ದಿಂಬಿನಂತೆ ಬಿಗಿಯಾಗಿ ಉಬ್ಬಿದ್ದರೆ, ದಾರಿಯಲ್ಲೋ ಅಂಗಡಿಯಲ್ಲೋ ಅದಕ್ಕೆ ಬಿಸಿ ತಗುಲಿದೆ. ಉಬ್ಬಿದ್ದಷ್ಟಕ್ಕೇ ಹಿಟ್ಟು ಕೆಟ್ಟಿದೆ ಎಂದಲ್ಲ, ದೋಸೆಗೆ ಆಗಬಹುದು. ಇಡ್ಲಿಗೆ ಬೇಡ. ಮೇಲೆ ಬೂದು ನೀರು ನಿಂತಿದ್ದರೆ ಹಿಟ್ಟು ಹಳತು, ಇಲ್ಲವೇ ಉದ್ದು ಕಡಿಮೆ. ಗುಲಾಬಿ, ಹಸಿರು, ಕಪ್ಪು ಚುಕ್ಕೆ ಕಂಡರೆ ಮೇಲಿನದನ್ನು ತೆಗೆದು ಕೆಳಗಿನದನ್ನು ಬಳಸುವ ಜಾಣತನ ಮಾಡಬೇಡಿ, ಇಡೀ ಪ್ಯಾಕೆಟ್ ಎಸೆಯಿರಿ. ದಿನಾಂಕವೇ ಇಲ್ಲದ ಕವರನ್ನು ಎಷ್ಟೇ ಪರಿಚಯದವರು ಕೊಟ್ಟರೂ ತರಬೇಡಿ.

ಇನ್ನು ಲೆಕ್ಕ. ಒಂದು ಕೆಜಿ ಹಿಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಕಾಳಿನ ಬೆಲೆ ಹಿಡಿದು ನೋಡಿದರೆ ದುಬಾರಿ, ಗ್ರೈಂಡರ್ ತೊಳೆಯುವ ಕೆಲಸ ಹಿಡಿದು ನೋಡಿದರೆ ಅಗ್ಗ. ಇಡ್ಲಿಯ ಒಂದು ಗುಳಿಗೆ 40–45 ಗ್ರಾಂ ಹಿಟ್ಟು ಹಿಡಿಯುತ್ತದೆ, ಅಂದರೆ ಕೆಜಿಗೆ 22–25 ಇಡ್ಲಿ. ಮನೆಯ ಕಾವಲಿಯ ಅಳತೆಯ ದೋಸೆಗೆ ಒಂದು ಸೌಟು, ಸುಮಾರು 70 ಗ್ರಾಂ, ಅಂದರೆ ಕೆಜಿಗೆ 14. ನಾಲ್ಕು ಜನರ ಮನೆಗೆ ಇದು ಎರಡೇ ಬೆಳಗಿನ ತಿಂಡಿ. ವಾರಕ್ಕೆಂದು ಎರಡು ಕೆಜಿ ಒಟ್ಟಿಗೆ ತಂದಿಡುವುದು ತಪ್ಪು, ಎರಡನೆಯದನ್ನು ಒಡೆಯುವ ಹೊತ್ತಿಗೆ ಅದು ಹುಳಿ. ಭಾನುವಾರ ಸಂಜೆ ಒಂದು ತಂದು, ಅದನ್ನು ರಾಗಿ ತರಕಾರಿ ಸೇರಿಸಿ ಮೂರು ಬೆಳಗ್ಗೆಗೆ ಎಳೆಯುವುದು ಒಳ್ಳೆಯದು. ಎಳೆಯುವುದೆಂದರೆ ನೀರು ಹಾಕುವುದಲ್ಲ, ಹಿಟ್ಟಿನ ವಯಸ್ಸಿಗೆ ತಕ್ಕ ತಿಂಡಿ ಮಾಡುವುದು.

ಸೋಮವಾರ ಇಡ್ಲಿ. ವಾರದ ಗಡಿಬಿಡಿಯ ದಿನಕ್ಕೆ ಇಡ್ಲಿಯೇ ಸರಿ, ಏಕೆಂದರೆ ಒಲೆಯ ಮುಂದೆ ಯಾರೂ ನಿಲ್ಲಬೇಕಿಲ್ಲ. ದೋಸೆಗೆ ಒಂದಕ್ಕೆ ಮೂರು ನಿಮಿಷದಂತೆ ಎಂಟು ದೋಸೆಗೆ ಒಬ್ಬರು ಇಪ್ಪತ್ತನಾಲ್ಕು ನಿಮಿಷ ನಿಂತೇ ಇರಬೇಕು. ಹನ್ನೆರಡು ಇಡ್ಲಿಗೆ ಅರ್ಧ ಕೆಜಿ ಹಿಟ್ಟು ಸಾಕು. ಎದ್ದ ಕೂಡಲೇ ಅಷ್ಟನ್ನು ಬೇರೆ ಪಾತ್ರೆಗೆ ಹಾಕಿ, ಆ ಪಾತ್ರೆಯನ್ನು ಬೆಚ್ಚನೆಯ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಕೂರಿಸಿ. ಪ್ಯಾಕೆಟ್ ಹಿಟ್ಟಿನ ಇಡ್ಲಿ ಕಲ್ಲಾಯಿತು ಎಂದು ದೂರುವವರಲ್ಲಿ ಬಹಳ ಮಂದಿ ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಹಿಟ್ಟನ್ನು ನೇರ ತಟ್ಟೆಗೆ ಸುರಿದವರು. ಹೊರಭಾಗ ಬೆಂದು ಗಟ್ಟಿಯಾಗುವ ಹೊತ್ತಿಗೆ ಒಳಗಿನ ಹಿಟ್ಟು ಇನ್ನೂ ತಣ್ಣಗಿರುತ್ತದೆ, ಉಬ್ಬಲು ಜಾಗವೇ ಸಿಗುವುದಿಲ್ಲ. ಎರಡನೆಯ ತಪ್ಪು ಬಡಿದು ಬಡಿದು ಕಲಸುವುದು. ಹುದುಗಿನ ಗಾಳಿ ಅಲ್ಲೇ ಹೋಗುತ್ತದೆ. ಸೌಟನ್ನು ತಳದಿಂದ ಮೇಲಕ್ಕೆ ಎರಡು ಸಲ ಎತ್ತಿದರೆ ಸಾಕು. ಉಪ್ಪು ಹಾಕುವ ಮೊದಲು ಪ್ಯಾಕೆಟ್ ಓದಿ: ಕೆಲವಕ್ಕೆ ಉಪ್ಪು ಹಾಕಿಯೇ ಇರುತ್ತಾರೆ, ಕೆಲವಕ್ಕೆ ಇಲ್ಲ.

ಪಾತ್ರೆಯಲ್ಲಿ ಎರಡು ಲೋಟ ನೀರು ಕುದಿಯಲಿ, ಆಮೇಲೆ ತಟ್ಟೆ ಇಳಿಸಿ. ಕುಕ್ಕರ್ ಆದರೆ ವೆಯಿಟ್ ಹಾಕಬೇಡಿ. ಮಧ್ಯಮ ಉರಿಯಲ್ಲಿ 10ರಿಂದ 12 ನಿಮಿಷ, ಆರಿಸಿ ಮೂರು ನಿಮಿಷ ಬಿಟ್ಟು, ಒದ್ದೆ ಚಮಚದಿಂದ ತೆಗೆಯಿರಿ. ಹದಿನೈದು ದಾಟಿದರೆ ಒಣಗುತ್ತದೆ. ಮೇಲಿನ ತಟ್ಟೆಯ ಇಡ್ಲಿ ಮಾತ್ರ ಒದ್ದೆಯಾಗುತ್ತಿದ್ದರೆ ಮುಚ್ಚಳದ ಹನಿ ಬೀಳುತ್ತಿದೆ, ಮುಚ್ಚಳಕ್ಕೆ ಒಂದು ತೆಳು ಬಟ್ಟೆ ಕಟ್ಟಿ.

ಇಡ್ಲಿ ಆರೋಗ್ಯಕ್ಕೆ ಒಳ್ಳೆಯದು ಎನ್ನುವ ಮಾತಿನಲ್ಲಿ ಅರ್ಧ ನಿಜ. ಎಣ್ಣೆ ಇಲ್ಲ, ಹುದುಗಿದ ಆಹಾರ, ಮಕ್ಕಳ ಹೊಟ್ಟೆಗೆ ಹಗುರ. ಆದರೆ ಒಂದು ಇಡ್ಲಿಯಲ್ಲಿ ಪ್ರೋಟೀನ್ ಎರಡು ಗ್ರಾಂ ಆಸುಪಾಸು. ಮೂರು ತಿಂದರೂ ಆರು, ಒಂದು ಮೊಟ್ಟೆಯಷ್ಟು. ಉಳಿದದ್ದೆಲ್ಲ ಅಕ್ಕಿ. ಬರಿಯ ಸಕ್ಕರೆಯ ಜೊತೆಗೋ ಉಪ್ಪಿನಕಾಯಿಯ ಜೊತೆಗೋ ಇಡ್ಲಿ ತಿಂದು ಹೋದ ಮಗು ಹತ್ತೂವರೆಗೇ ಡಬ್ಬಿ ತೆಗೆಯುವುದು ಇದಕ್ಕೇ. ಕೊರತೆ ತುಂಬುವುದು ಪಕ್ಕದ ಬಟ್ಟಲು. ಬೆಳಗ್ಗೆ ತೆಂಗಿನಕಾಯಿ ತುರಿಯಲು ಪುರುಸೊತ್ತಿಲ್ಲದವರು ಉತ್ತರ ಕರ್ನಾಟಕದ ಮನೆಗಳ ಕಡೆ ನೋಡಬೇಕು: ಶೇಂಗಾ ಪುಡಿ, ಗುರೆಳ್ಳು ಪುಡಿ, ಅಗಸಿ ಪುಡಿ. ಒಂದು ಬಟ್ಟಲು ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ಉಜ್ಜಿ, ಎಂಟು ಎಸಳು ಬೆಳ್ಳುಳ್ಳಿ, ಎರಡು ಚಹಾ ಚಮಚ ಕಾರದಪುಡಿ, ಅರ್ಧ ಚಮಚ ಜೀರಿಗೆ, ಉಪ್ಪು, ಚೂರು ಬೆಲ್ಲ ಸೇರಿಸಿ ಮಿಕ್ಸಿಯಲ್ಲಿ ತಡೆತಡೆದು ತಿರುಗಿಸಿ. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬೆಳಗ್ಗೆ ಎರಡು ಚಮಚ ಪುಡಿಗೆ ನಾಲ್ಕು ಚಮಚ ಗಟ್ಟಿ ಮೊಸರು ಕಲಸಿದರೆ ಚಟ್ನಿ ಸಿದ್ಧ. ಕಾಯಿ ಚಟ್ನಿಯೇ ಬೇಕೆಂದರೆ ಅರ್ಧ ಬಟ್ಟಲು ಕಾಯಿಗೆ ಎರಡು ದೊಡ್ಡ ಚಮಚ ಹುರಿಗಡಲೆ ಹಾಕಿ. ಹೋಟೆಲಿನವರು ಹುರಿಗಡಲೆ ಹೆಚ್ಚು ಹಾಕುವುದು ಕಾಯಿ ಉಳಿಸಲು, ಮನೆಯಲ್ಲಿ ಅದರಿಂದ ಪ್ರೋಟೀನ್ ಲಾಭ.

ಬುಧವಾರಕ್ಕೆ ಹಿಟ್ಟು ಸ್ವಲ್ಪ ಹುಳಿ ಏರಿರುತ್ತದೆ. ಅದು ರಾಗಿ ದೋಸೆಯ ದಿನ. ಮಂಗಳವಾರ ರಾತ್ರಿ 300 ಗ್ರಾಂ ಹಿಟ್ಟಿಗೆ 80 ಗ್ರಾಂ ರಾಗಿ ಹಿಟ್ಟು, ಅಂದರೆ ಅರ್ಧ ಬಟ್ಟಲಿಗಿಂತ ತುಸು ಹೆಚ್ಚು, ಮತ್ತು 100–120 ಮಿಲೀ ನೀರು ಬೆರೆಸಿ ಫ್ರಿಜ್ಜಿನಲ್ಲಿಡಿ. ರಾತ್ರಿಯೇ ಏಕೆಂದರೆ ರಾಗಿ ನಿಧಾನವಾಗಿ ನೀರು ಕುಡಿಯುತ್ತದೆ. ಬೆಳಗ್ಗೆ ಕಲಸಿ ಕೂಡಲೇ ಹುಯ್ದರೆ ನಾಲಿಗೆಗೆ ಹಿಟ್ಟು ಹಿಟ್ಟು ಹತ್ತುತ್ತದೆ, ಅಂಚು ಸೀಳುತ್ತದೆ. ರಾಗಿ ಇದಕ್ಕಿಂತ ಬಹಳ ಹೆಚ್ಚಾದರೆ ದೋಸೆ ಮಗುಚುವಾಗ ಹರಿಯುತ್ತದೆ, ಏಕೆಂದರೆ ಹಿಡಿದಿಡುವುದು ಉದ್ದಿನ ಅಂಟು. ಉಪ್ಪು ಒಂದು ಚಿಟಿಕೆ ಹೆಚ್ಚು ಬೇಕಾಗುತ್ತದೆ. ಏಳೆಂಟು ದೋಸೆ ಆಗುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದರಿಂದ ಹಾಲು ಕುಡಿಯದ ಮಕ್ಕಳ ಮನೆಯಲ್ಲಿ ಇದು ಸುಮ್ಮನೆ ಮಾಡುವ ಬದಲಾವಣೆಯಲ್ಲ.

ಕಾವಲಿಯ ಗೋಳು ಬಹಳ ಕೇಳಿಬರುತ್ತದೆ. ಹುಯ್ದ ಹಿಟ್ಟು ಸೌಟಿಗೇ ಸುತ್ತಿಕೊಂಡು ಬಂದರೆ ಹಿಟ್ಟಿನ ತಪ್ಪಲ್ಲ, ಕಾವಲಿ ಅತಿಯಾಗಿ ಕಾದಿದೆ. ನೀರು ಚಿಮುಕಿಸಿ, ಬಟ್ಟೆಯಿಂದ ಒರೆಸಿ, ಉರಿ ತಗ್ಗಿಸಿ ಹುಯ್ದು, ಹರಡಿದ ಮೇಲೆ ಉರಿ ಏರಿಸಿ. ತಳ ಬಿಡದೆ ಹಿಡಿದುಕೊಂಡರೆ ಕಾದಿಲ್ಲ, ಅಥವಾ ನಿನ್ನೆ ಚಪಾತಿ ಮಾಡಿದ ಕಾವಲಿ ಅದು. ಕಬ್ಬಿಣದ ಕಾವಲಿಯಾದರೆ ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿ. ನಾನ್‌ಸ್ಟಿಕ್‌ಗೆ ಮೊದಲೇ ಎಣ್ಣೆ ಸವರಿದರೆ ಹಿಟ್ಟು ಜಾರುತ್ತದೆ, ಹರಡುವುದೇ ಇಲ್ಲ.

ಗುರುವಾರವೋ ಶುಕ್ರವಾರವೋ ಉಳಿಯುವ 200 ಗ್ರಾಂ ಹಿಟ್ಟು ಹುಳಿ. ಇದು ಪಡ್ಡಿಗೆ ಹೇಳಿಮಾಡಿಸಿದ್ದು. ಗುಳಿಯಪ್ಪ, ಗುಂಡುಪಂಗಳ, ನಿಮ್ಮೂರಲ್ಲಿ ಏನೆನ್ನುತ್ತೀರೋ ಅದು. ಎರಡು ದೊಡ್ಡ ಚಮಚ ಚಿರೋಟಿ ರವೆ, ಒಂದು ಸಣ್ಣ ಈರುಳ್ಳಿ, ಒಂದು ಕ್ಯಾರೆಟ್ ತುರಿ, ಒಂದು ಹಿಡಿ ಸಬ್ಬಸಿಗೆ ಸೊಪ್ಪು, ಜೀರಿಗೆ, ಹೆಚ್ಚಿದ ಹಸಿಮೆಣಸು. ಹುಳಿ ತೀರಾ ಹೆಚ್ಚಿದ್ದರೆ ಹುಯ್ಯುವ ಮುಂಚೆ ಒಂದು ಚಿಟಿಕೆ ಅಡುಗೆ ಸೋಡಾ. ಹುಳಿಯನ್ನು ಅದು ಮುರಿಯುತ್ತದೆ, ಹಗುರವೂ ಆಗುತ್ತದೆ. ಚಿಟಿಕೆ ದಾಟಿದರೆ ಹಳದಿ ಬಣ್ಣ, ಸಾಬೂನಿನ ರುಚಿ. ಗುಳಿಗೆ ನಾಲ್ಕು ಹನಿ ಎಣ್ಣೆ, ಮುಕ್ಕಾಲು ಭಾಗ ಹಿಟ್ಟು, ಸಣ್ಣ ಉರಿಯಲ್ಲಿ ಮುಚ್ಚಿ ಮೂರು ನಿಮಿಷ, ತಿರುಗಿಸಿ ಎರಡು ನಿಮಿಷ. ಹದಿನೆಂಟರಷ್ಟು ಆಗುತ್ತದೆ. ನಾಲ್ವರಿಗೆ ತುಸು ಕಡಿಮೆಯೇ, ಜೊತೆಗೆ ಬಾಳೆಹಣ್ಣೋ ಬೇಯಿಸಿದ ಮೊಟ್ಟೆಯೋ ಇರಲಿ. ಶಾಲೆಯ ಡಬ್ಬಿಗೆ ದೋಸೆಗಿಂತ ಇದು ಎಷ್ಟೋ ಮೇಲು. ಮಧ್ಯಾಹ್ನದ ಹೊತ್ತಿಗೆ ದೋಸೆ ಚರ್ಮವಾಗುತ್ತದೆ, ಪಡ್ಡು ಆಗುವುದಿಲ್ಲ.

ಹಾಗಾದರೆ ಒಣ ಮಿಕ್ಸ್‌ಗಳು? ರವೆ ಇಡ್ಲಿ ಮಿಕ್ಸ್ ಒಂದನ್ನು ಕಪಾಟಿನಲ್ಲಿಡಲು ಅಡ್ಡಿಯಿಲ್ಲ. ರವೆ ಇಡ್ಲಿ ಹುಟ್ಟಿದ್ದೇ ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ, ಬೆಂಗಳೂರಿನ ಎಂಟಿಆರ್‌ನಲ್ಲಿ, ಅಂದರೆ ಅದು ಮೊದಲಿನಿಂದಲೂ ಆಪತ್ಕಾಲದ ತಿಂಡಿ. ಮೊಸರು ಬಿದ್ದೊಡನೆ ಮಿಕ್ಸ್‌ನ ಸೋಡಾ ಕೆಲಸ ಶುರುಮಾಡುತ್ತದೆ. ಹತ್ತು ನಿಮಿಷ ರವೆ ನೆನೆಯಲು ಬಿಟ್ಟು ತಟ್ಟೆಗೆ ಹಾಕಬೇಕು. ಕಲಸಿಟ್ಟು ಸ್ನಾನಕ್ಕೆ ಹೋಗಿ ಅರ್ಧ ಗಂಟೆ ಬಿಟ್ಟು ಬಂದರೆ ಗಾಳಿ ಹೋಗಿ ಚಪ್ಪಟೆ ಇಡ್ಲಿ ಸಿಗುತ್ತದೆ. ಪ್ಯಾಕೆಟ್ಟಿನ ಹಿಂದೆ ಸೋಡಿಯಂ ನೋಡಿ. ದೊಡ್ಡವರಿಗೆ ದಿನಕ್ಕೆ 2000 ಮಿಲಿಗ್ರಾಂ ಒಳಗಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನೂರು ಗ್ರಾಂಗೆ ಸಾವಿರ ಎಂದು ಬರೆದಿದ್ದರೆ 60 ಗ್ರಾಂ ಮಿಕ್ಸ್‌ನ ತಿಂಡಿಯಲ್ಲೇ 600 ಮುಗಿಯಿತು. ‘ರಾಗಿ ದೋಸೆ’, ‘ಮಲ್ಟಿಗ್ರೇನ್’ ಎಂಬ ಹೆಸರಿನವನ್ನು ಕೊಳ್ಳುವಾಗ ಪದಾರ್ಥಗಳ ಪಟ್ಟಿ ಓದಿ. ತೂಕದಲ್ಲಿ ಹೆಚ್ಚಿರುವುದನ್ನು ಮೊದಲು ಬರೆಯಬೇಕೆಂಬ ನಿಯಮವಿದೆ. ಅಕ್ಕಿಯೇ ಮೊದಲಿದ್ದು ರಾಗಿ ನಾಲ್ಕನೆಯ ಜಾಗದಲ್ಲಿದ್ದರೆ, ಹೆಚ್ಚು ದುಡ್ಡು ಕೊಟ್ಟು ಅಕ್ಕಿ ದೋಸೆ ತಿಂದ ಹಾಗೆ.

ಉಳಿದ ಹಿಟ್ಟನ್ನು ಫ್ರೀಜರ್‌ಗೆ ಹಾಕಬಹುದೇ ಎಂದರೆ, ಹಾಕಬಹುದು, ಆದರೆ ಕರಗಿದ ಮೇಲೆ ಅದರ ಇಡ್ಲಿ ಏಳುವುದಿಲ್ಲ. ಅದರ ಬದಲು ಇಡ್ಲಿಯನ್ನೇ ಫ್ರೀಜ್ ಮಾಡಿ. ಪೂರ್ತಿ ಆರಿದ ಮೇಲೆ ಒಂದಕ್ಕೊಂದು ತಾಗದಂತೆ ತಟ್ಟೆಯಲ್ಲಿಟ್ಟು ಎರಡು ಗಂಟೆ ಗಟ್ಟಿಮಾಡಿ, ಆಮೇಲೆ ಡಬ್ಬಿಗೆ ತುಂಬಿ. ಬೆಳಗ್ಗೆ ಕರಗಿಸದೆ ನೇರವಾಗಿ ಕುದಿಯುವ ನೀರಿನ ಮೇಲೆ ಆರರಿಂದ ಎಂಟು ನಿಮಿಷ ಹಬೆ ಕೊಡಿ. ಮೈಕ್ರೋವೇವ್‌ನಲ್ಲಾದರೆ ಒದ್ದೆ ಬಟ್ಟೆ ಮುಚ್ಚಿ, ಬಿಸಿಯಾದ ತಕ್ಷಣ ತಿನ್ನಿ. ಆರಿದರೆ ಅಂಚು ರಬ್ಬರ್ ಆಗುತ್ತದೆ.