4×5 ಮತ್ತು ಹಾಫ್ ಪ್ಲೇಟ್ ನೆಗೆಟಿವ್‌ಗಳ ಕ್ಯಾಮೆರಾ ಸ್ಕ್ಯಾನಿಂಗ್: ವರ್ಷಗಟ್ಟಲೆ ಬಳಸಿದ ಮೇಲೆ

ಕ್ಯಾಮೆರಾ ಸ್ಕ್ಯಾನಿಂಗ್ ಅಂದರೆ ನೆಗೆಟಿವ್‌ಗೆ ಹಿಂದಿನಿಂದ ಬೆಳಕು ಕೊಟ್ಟು ಡಿಜಿಟಲ್ ಕ್ಯಾಮೆರಾದಿಂದ ಅದರ ಫೋಟೋ ತೆಗೆಯುವುದು. ಶೀಟ್ ಫಿಲ್ಮ್, ಅಂದರೆ ರೋಲ್ ಅಲ್ಲದೆ ಬಿಡಿ ಹಾಳೆಯಾಗಿ ಬರುವ ದೊಡ್ಡ ಫಿಲ್ಮ್ ಅನ್ನು ಮನೆಯಲ್ಲೇ ಡಿಜಿಟಲ್ ಮಾಡಿಕೊಳ್ಳಬೇಕೆನ್ನುವವರು ನನ್ನನ್ನು ಮೊದಲು ಕೇಳುವುದು, ಯಾವ ಕ್ಯಾಮೆರಾ ತಗೊಳ್ಳಲಿ ಅಂತ. ಕೈಯಲ್ಲಿರುವ ಕ್ಯಾಮೆರಾ ಸಾಕು, ರೊಕ್ಕ ಇದ್ದರೆ ಬೆಳಕಿಗೆ ಹಾಕಿ ಅಂತಲೇ ಹೇಳುತ್ತ ಬಂದಿದ್ದೇನೆ. ಇಷ್ಟು ವರ್ಷ ಬಳಸಿದ ಮೇಲೂ ಆ ಮಾತು ಬದಲಿಸುವ ಕಾರಣ ಸಿಕ್ಕಿಲ್ಲ.

ನನ್ನ ಸೆಟಪ್: ಸೆಕೆಂಡ್ ಹ್ಯಾಂಡ್ ನಿಕಾನ್ ಡಿ750, ಹಳೆಯ ಹತ್ತಿರದಿಂದ ತೆಗೆಯಲು ಬರುವ 60 ಎಂಎಂ ಮೈಕ್ರೋ ನಿಕ್ಕೋರ್ ಲೆನ್ಸ್, ಕೈಸರ್ ಸ್ಲಿಮ್‌ಲೈಟ್ ಪ್ಲಾನೋ ಎಲ್ಇಡಿ ಪ್ಯಾನೆಲ್, ತಲೆ ಬಿಚ್ಚಿ ಕ್ಯಾಮೆರಾ ಕೂರಿಸಿದ ಹಳೆಯ ಎನ್‌ಲಾರ್ಜರ್‌ನ (ಡಾರ್ಕ್‌ರೂಮಿನಲ್ಲಿ ನೆಗೆಟಿವ್ ಹಿಗ್ಗಿಸಿ ಪ್ರಿಂಟ್ ಮಾಡುವ ಯಂತ್ರ) ಕಂಬ. ಸ್ಕ್ಯಾನ್ ಮಾಡುವ ಸರಕು ಎರಡು ಬಗೆಯದು. ಒಂದು, ಬಾದಾಮಿ, ಪಟ್ಟದಕಲ್ಲುಗಳಲ್ಲಿ ನಾನೇ ತೆಗೆದ 4×5 ಇಂಚಿನ ಇಲ್ಫೋರ್ಡ್ ಎಚ್‌ಪಿ5 ಕಪ್ಪುಬಿಳುಪು ಶೀಟ್‌ಗಳು. ಇನ್ನೊಂದು, ಸೋದರಮಾವನ ಸ್ಟುಡಿಯೊದ ಹಾಫ್ ಪ್ಲೇಟ್ (ಸುಮಾರು 4¾×6½ ಇಂಚು) ನೆಗೆಟಿವ್‌ಗಳು. ಆಲಮಟ್ಟಿ ಹಿನ್ನೀರು ಬಂದು ನಮ್ಮವರು ನವನಗರಕ್ಕೆ ಎದ್ದು ಬರುವುದಕ್ಕೂ ಬಹಳ ಮುಂಚೆ, ಹಳೇ ಬಾಗಲಕೋಟೆಯಲ್ಲಿ ತೆಗೆದವು ಅವು. ಕೆಲವದರಲ್ಲಿ ಇವತ್ತು ನೀರಿನ ಕೆಳಗಿರುವ ಓಣಿಗಳಿವೆ. ಇನ್ನೊಮ್ಮೆ ತೆಗೆಯಲು ಬರುವ ಫೋಟೋ ಅಲ್ಲ ಅವು, ಅದಕ್ಕೇ ಇಷ್ಟು ತಲೆ ಕೆಡಿಸಿಕೊಂಡದ್ದು.

ಲಾರ್ಜ್ ಫಾರ್ಮ್ಯಾಟ್, ಅಂದರೆ ಇಂಥ ದೊಡ್ಡ ಫಿಲ್ಮ್, ಸ್ಕ್ಯಾನ್ ಮಾಡುವುದು ಕಷ್ಟ ಅನ್ನುವ ಹೆದರಿಕೆ ಹಲವರಿಗಿದೆ. ಲೆಕ್ಕ ಹಾಕಿದರೆ ಉಲ್ಟಾ. 35 ಎಂಎಂ ಫಿಲ್ಮ್‌ಗೆ ಲೆನ್ಸ್ 1:1ರವರೆಗೆ, ಅಂದರೆ ಸೆನ್ಸರ್ ಮೇಲೆ ಚಿತ್ರ ಫಿಲ್ಮ್‌ನಷ್ಟೇ ದೊಡ್ಡದಾಗಿ ಬೀಳುವವರೆಗೆ ಹೋಗಬೇಕು, ಕೂದಲೆಳೆ ಅಲುಗಿದರೂ ಫೋಕಸ್ ಕೆಟ್ಟಿತು. 4×5 ಶೀಟ್ ಪೂರ್ತಿ ಹಿಡಿಯಲು ಹೆಚ್ಚುಕಡಿಮೆ 1:4, ಅಂದರೆ ಕಾಲು ಅಳತೆ ಸಾಕು. ಡಿ750ರ ಸೆನ್ಸರ್‌ನ ಗಿಡ್ಡ ಬದಿಗೆ 4016 ಪಿಕ್ಸೆಲ್, ಅದನ್ನು 4 ಇಂಚಿಗೆ ಹಂಚಿದರೆ ಇಂಚಿಗೆ ಸಾವಿರ. ಪಕ್ಕ ಕತ್ತರಿಸಿದ ಮೇಲೆ 20 ಮೆಗಾಪಿಕ್ಸೆಲ್ ಫೈಲು ಉಳಿಯುತ್ತದೆ, 13×16 ಇಂಚಿನ ಪ್ರಿಂಟ್‌ಗೆ ಧಾರಾಳ ಆಯಿತು. ಸ್ಟುಡಿಯೊದ ಭಾವಚಿತ್ರಗಳಿಗೆ ನಾನು ಇದಕ್ಕಿಂತ ಮುಂದೆ ಹೋಗುವುದೇ ಇಲ್ಲ.

ಮುಂದೆ ಹೋಗಲೇಬೇಕಾದ ನೆಗೆಟಿವ್‌ಗಳೂ ಇವೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಕಂಬಗಳ ಮೇಲೆ ರಾಮಾಯಣ, ಮಹಾಭಾರತದ ಕಥೆಗಳನ್ನು ಸಣ್ಣ ಸಣ್ಣ ಪಟ್ಟಿಗಳಲ್ಲಿ ಕೆತ್ತಿದ್ದಾರೆ. ಒಂದೇ ಶಾಟ್‌ನಲ್ಲಿ ಹಿಡಿದಾಗ ಆ ಆಕೃತಿಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಕ್ಯಾಮೆರಾ ಹತ್ತಿರ ತಂದು ಲೆನ್ಸ್ ಅನ್ನು 1:2ಕ್ಕೆ ಇಟ್ಟು ಆರು ತುಂಡುಗಳಲ್ಲಿ ತೆಗೆದು, ತುಂಡು ಫೋಟೋ ಜೋಡಿಸುವ ಸಾಫ್ಟ್‌ವೇರ್ ಹ್ಯೂಗಿನ್‌ನಲ್ಲಿ ಜೋಡಿಸಿದರೆ ಇಂಚಿಗೆ 2100 ಪಿಕ್ಸೆಲ್, ಒಟ್ಟು 90 ಮೆಗಾಪಿಕ್ಸೆಲ್ ಸಿಗುತ್ತದೆ. ಆಗ ಬಿಲ್ಲು ಹಿಡಿದ ಕೈಯ ಬೆರಳು ಬೇರೆ ಬೇರೆಯಾಗುತ್ತವೆ, ಕಲ್ಲಿನ ಮೇಲಿನ ಉಳಿಯ ಗೀರು ಸಹ ಎದ್ದು ಬರುತ್ತದೆ. ಕ್ಯಾಮೆರಾ, ಬೆಳಕು ಎರಡನ್ನೂ ಮುಟ್ಟಬೇಡಿ, ಫಿಲ್ಮ್ ಹೋಲ್ಡರ್ ಮಾತ್ರ ಸರಿಸಿ. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರೂ ಮ್ಯಾನ್ಯುಯಲ್ ಇರಲಿ. ಬರೀ ಆಕಾಶವೇ ಇರುವ ತುಂಡನ್ನು ಹ್ಯೂಗಿನ್ ಗುರುತು ಹಿಡಿಯದೆ ಬಿಡುವುದುಂಟು. ಬಾದಾಮಿಯ ಅಗಸ್ತ್ಯ ತೀರ್ಥ ಕೆರೆಯ ಮೇಲಿನ ತಿಳಿ ಆಕಾಶದ ನೆಗೆಟಿವ್‌ಗೆ ಜೋಡಣೆಯ ಆಸೆ ಬಿಟ್ಟು ಒಂದೇ ಶಾಟ್‌ಗೆ ಒಪ್ಪಿಕೊಂಡಿದ್ದೇನೆ.

ಇನ್ನು ಬೆಳಕು. ಚಿತ್ರ ಟ್ರೇಸ್ ಮಾಡುವ ಅಗ್ಗದ ಪ್ಯಾಡ್‌ಗಳಲ್ಲಿ ಹಲವು, ಬೆಳಕು ಕಡಿಮೆ ಮಾಡಿದಾಗ ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿಣುಕುತ್ತವೆ. ಕಣ್ಣಿಗೆ ಕಾಣದ್ದು ಎಲೆಕ್ಟ್ರಾನಿಕ್ ಶಟರ್‌ಗೆ ಕಾಣುತ್ತದೆ, ಫೈಲಿನ ಮೇಲೆ ಅಡ್ಡಪಟ್ಟೆ ಬೀಳುತ್ತದೆ. ನಡುವೆ ಒಂದು ಬೆಳಕು, ಅಂಚಿಗೆ ಇನ್ನೊಂದು ಎನ್ನುವ ತಕರಾರು ಬೇರೆ. ಕೈಸರ್ ಪ್ಯಾನೆಲ್ ಬೆಳಗುವ ಜಾಗ 22×16 ಸೆಂಟಿಮೀಟರ್, ಅಂದರೆ ಹಾಫ್ ಪ್ಲೇಟ್ ಅದರೊಳಗೆ ಕೂರುತ್ತದೆ. ಬೆಳಕಿನ ಬಣ್ಣ 5000 ಕೆಲ್ವಿನ್, ಹಗಲಿನ ಬೆಳಕಿಗೆ ಹತ್ತಿರ. ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎನ್ನುವ ಅಂಕ, ಸಿಆರ್‌ಐ, 100ಕ್ಕೆ 95. ಒಳಗೇ ಬ್ಯಾಟರಿ ಇದೆ. ಕರೆಂಟ್ ಹೋದಾಗಲೂ ಕೆಲಸ ನಿಲ್ಲದಿರುವುದು ನಮ್ಮ ಕಡೆ ಸಣ್ಣ ಮಾತಲ್ಲ.

ಪ್ಯಾನೆಲ್ ಯಾವುದೇ ಇರಲಿ, ಫಿಲ್ಮ್ ಅನ್ನು ಅದರ ಮೇಲೇ ಮಲಗಿಸಬೇಡಿ. ಒಂದಿಂಚು ಎತ್ತರಿಸಿದರೆ ಪ್ಯಾನೆಲ್ ಮೇಲಿನ ಧೂಳು ಫೋಕಸ್‌ನಿಂದ ಆಚೆ ಹೋಗುತ್ತದೆ. ಫಿಲ್ಮ್ ಸುತ್ತ ಉಳಿದ ಬೆಳಕನ್ನೆಲ್ಲ ಕಪ್ಪು ಮೌಂಟ್ ಬೋರ್ಡ್‌ನಿಂದ ಮುಚ್ಚಿ. ಇಲ್ಲದಿದ್ದರೆ ಆ ಬೆಳಕು ಲೆನ್ಸ್‌ಗೆ ನುಗ್ಗಿ ಕಾಂಟ್ರಾಸ್ಟ್ ತಿನ್ನುತ್ತದೆ. ಕೆಲಸ ಶುರು ಮಾಡುವ ಮುಂಚೆ ಬರೀ ಪ್ಯಾನೆಲ್‌ನದೊಂದು ಶಾಟ್ ತೆಗೆದಿಡಿ. ಮೂಲೆಗಳ ಮಬ್ಬನ್ನು ಆಮೇಲೆ ಅದರಿಂದಲೇ ಸರಿಪಡಿಸಬಹುದು. ನಾನು ಎಫ್ 8, ಐಎಸ್ಒ 100, ರಾ ಫೈಲ್, ಸೆಲ್ಫ್ ಟೈಮರ್ ಬಿಟ್ಟು ಆಚೀಚೆ ಹೋಗುವುದಿಲ್ಲ.

ಕ್ಯಾಮೆರಾ, ಫಿಲ್ಮ್ ಎರಡೂ ಒಂದಕ್ಕೊಂದು ಸಮಾನಾಂತರವಾಗಿವೆಯೇ ಎಂದು ನೋಡಲು ಒಂದು ಕನ್ನಡಿ ತುಂಡು ಸಾಕು. ಫಿಲ್ಮ್ ಇಡುವ ಜಾಗದಲ್ಲಿ ಕನ್ನಡಿ ಇಟ್ಟು, ಲೆನ್ಸ್‌ನ ಪ್ರತಿಬಿಂಬ ಸ್ಕ್ರೀನಿನ ನಟ್ಟನಡುವೆ ಬರುವವರೆಗೆ ಕ್ಯಾಮೆರಾ ಬಾಗಿಸಿ. ಎನ್‌ಲಾರ್ಜರ್ ಕಂಬದ ತೋಳು ಭಾರಕ್ಕೆ ನಿಧಾನವಾಗಿ ಜಗ್ಗುತ್ತದೆ, ಹಾಗಾಗಿ ಪ್ರತಿ ಸಲ ಕೂತಾಗಲೂ ಕನ್ನಡಿ ಬೇಕೇ ಬೇಕು. ಡಿ750ರ ಸ್ಕ್ರೀನ್ ಹೊರಗೆ ಎಳೆದು ಓರೆ ಮಾಡಲು ಬರುತ್ತದೆ, ಕುತ್ತಿಗೆ ನೋವು ತಪ್ಪಿತು.

ಫಿಲ್ಮ್ ಸುರುಳಿ ಬಿದ್ದಿದ್ದರೆ ಗಾಜಿನ ಕೆಳಗೆ ಒತ್ತುವ ಆಸೆಯಾಗುತ್ತದೆ. ಹೊಳಪಿನ ಬದಿ ಗಾಜಿಗೆ ತಾಗಿದ ಕಡೆ ಎಣ್ಣೆ ಬಿದ್ದ ನೀರಿನಂತೆ ಉಂಗುರ ಮೂಡುತ್ತವೆ, ನ್ಯೂಟನ್ ರಿಂಗ್ಸ್ ಅನ್ನುವುದು ಅವಕ್ಕೇ. ಅವು ಮೂಡದಂತೆ ಮಾಡಿದ ಆಂಟಿ ನ್ಯೂಟನ್ ಗಾಜು ಸಿಕ್ಕರೆ ಸರಿ, ಇಲ್ಲವಾದರೆ ಎರಡು ಮೌಂಟ್ ಬೋರ್ಡ್ ಚೌಕಟ್ಟಿನ ನಡುವೆ ಅಂಚು ಮಾತ್ರ ಹಿಡಿದು ಮೇಲೆ ಭಾರ ಇಡಿ. ನಾನು ಮಾಡುವುದು ಇದನ್ನೇ.

ಧೂಳಿನ ವಿಷಯದಲ್ಲಿ ಬಾಗಲಕೋಟೆಯ ಬೇಸಿಗೆ ಯಾರನ್ನೂ ಬಿಡುವುದಿಲ್ಲ. ಒಣಹವೆಗೆ ಫಿಲ್ಮ್‌ನಲ್ಲಿ ಸ್ಟ್ಯಾಟಿಕ್ ಹುಟ್ಟಿ, ಒರೆಸಿದಷ್ಟೂ ಧೂಳು ಬಂದು ಕೂರುತ್ತದೆ. ಸ್ಕ್ಯಾನರ್‌ಗಳಲ್ಲಿರುವ ಇನ್‌ಫ್ರಾರೆಡ್ ಧೂಳು ನಿವಾರಣೆ ಬೆಳ್ಳಿಯ ಕಪ್ಪುಬಿಳುಪು ಫಿಲ್ಮ್ ಮೇಲೆ ನಡೆಯುವುದಿಲ್ಲ, ಆದ್ದರಿಂದ ಸ್ಕ್ಯಾನರ್ ಇದ್ದವರಿಗೂ ಇದೇ ಪಾಡು. ಹಸಿ ಬಟ್ಟೆಯಿಂದ ನೆಲ ಒರೆಸಿ, ಫ್ಯಾನ್ ಆರಿಸಿ, ಬ್ಲೋವರ್ ಹಿಡಿದು ಬೆಳಗಿನ ಹೊತ್ತು ಕೂರುತ್ತೇನೆ. ಮುಖ್ಯ ನೆಗೆಟಿವ್‌ಗಳನ್ನು ಮಳೆಗಾಲಕ್ಕೇ ಎತ್ತಿಡುತ್ತೇನೆ.

ಈ ಪದ್ಧತಿ ನನಗೆ ಕೊಟ್ಟ ದೊಡ್ಡ ಖುಷಿಯೆಂದರೆ ಟಚಿಂಗ್. ಹಿಂದಿನ ಸ್ಟುಡಿಯೊದವರು ನೆಗೆಟಿವ್ ಮೇಲೇ ಚೂಪು ಪೆನ್ಸಿಲ್‌ನಿಂದ ಮುಖ ತಿದ್ದುತ್ತಿದ್ದರು. ನೆಗೆಟಿವ್‌ನಲ್ಲಿ ಪೆನ್ಸಿಲ್ ಬಿದ್ದ ಜಾಗ ಪ್ರಿಂಟ್‌ನಲ್ಲಿ ಬೆಳ್ಳಗಾಗುತ್ತದೆ, ಕಣ್ಣ ಕೆಳಗಿನ ಕಪ್ಪು, ಹಣೆಯ ಗೆರೆ ಮಾಯ. ಒಬ್ಬ ಮದುಮಗಳ ಹಾಫ್ ಪ್ಲೇಟ್ ಅನ್ನು ಪರದೆಯ ಮೇಲೆ ಪೂರ್ತಿ ಹಿಗ್ಗಿಸಿದಾಗ ಕೆನ್ನೆಯ ಮೇಲೆ ಅಲ್ಪವಿರಾಮದಂಥ ನೂರಾರು ಸಣ್ಣ ಗೀಟು ಕಂಡವು, ಎಲ್ಲವೂ ಒಂದೇ ಓರೆಯಲ್ಲಿ. ಸೋದರಮಾವನ ಕೈ ಅದು. ಅದನ್ನು ಅಳಿಸಿ ಚರ್ಮ ನುಣುಪು ಮಾಡಿಕೊಡಿ ಎಂದು ಕೇಳಿದವರಿಗೆ ಒಪ್ಪಿಲ್ಲ, ಒಪ್ಪುವುದೂ ಇಲ್ಲ.

ಸಾಫ್ಟ್‌ವೇರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಪ್ಪುಬಿಳುಪಿಗೆ ಕರ್ವ್ ತಲೆಕೆಳಗಾಗಿಸಿ ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಮಾಡಿದರೆ ಮುಗಿಯಿತು. ಕಲರ್ ನೆಗೆಟಿವ್‌ಗೆ ಡಾರ್ಕ್‌ಟೇಬಲ್ ಎಂಬ ಸಾಫ್ಟ್‌ವೇರ್‌ನೊಳಗಿನ ನೆಗಾಡಾಕ್ಟರ್ ಉಚಿತ, 2020ರಿಂದ ಇದೆ. ಕಲರ್ ನೆಗೆಟಿವ್‌ಗೆ ಇರುವ ಕಿತ್ತಳೆ ಬಣ್ಣ ಅಳೆಯಲು, ಫೋಟೋ ತೆಗೆಯುವಾಗ ಬೆಳಕು ಬೀಳದ ಫಿಲ್ಮ್ ಅಂಚನ್ನೂ ಫ್ರೇಮಿನೊಳಗೆ ಬಿಡಿ. ಆದರೂ ಕಲರ್‌ನಲ್ಲಿ ಮೈಬಣ್ಣ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಮನೆಯಲ್ಲಿ ಕ್ಯಾಮೆರಾನೇ ಇಲ್ಲ, ಇರುವುದೆಲ್ಲ ಕಲರ್ ಶೀಟ್ ಎಂದಾದರೆ ಎಪ್ಸನ್ ವಿ850ರಂಥ ಫ್ಲಾಟ್‌ಬೆಡ್ ಸ್ಕ್ಯಾನರ್ ತಗೊಳ್ಳಿ. ಹೇಳುವ 6400 ಡಿಪಿಐನ ಅರ್ಧವೂ ನಿಜವಾಗಿ ಸಿಗದು, ಆದರೆ ಈ ಅಳತೆಯ ಫಿಲ್ಮ್‌ಗೆ ಸಿಕ್ಕಷ್ಟೇ ಸಾಕು.

ಪೆಟ್ಟಿಗೆ ತೆರೆದಾಗ ವಿನೆಗರ್ ವಾಸನೆ ಬಂದರೆ ಅಸಿಟೇಟ್ ಫಿಲ್ಮ್ ಕೊಳೆಯತೊಡಗಿದೆ ಎಂದರ್ಥ. ಅವನ್ನು ಉಳಿದವುಗಳಿಂದ ಬೇರೆ ಮಾಡಿ, ಮೊದಲು ಅವನ್ನೇ ಸ್ಕ್ಯಾನ್ ಮಾಡಿ.